ಚೆಕ್‌ರೋಲಿನಲ್ಲಿ ಉಳಿದ ಪೂರ್ವಜರು

ಕೊಡಗಿನ ವಂಶಚರಿತ್ರೆಗಳಲ್ಲಿ ಬಹುಪಾಲು ಕುಲದ ಮೂಲಮನೆಗಳಾದ ಐನ್‌ಮನೆಗಳನ್ನೂ ವಂಶಪಾರಂಪರ್ಯ ಹಕ್ಕಿನ ಜಮ್ಮಾ ಭೂಮಿಯ ಕಾಗದಪತ್ರಗಳನ್ನೂ ಆಧರಿಸಿ ಬರೆದವು. ಕಾವೇರಿಯ ದಂಡೆಯ ನೆಲ್ಯಹುದಿಕೇರಿಯಲ್ಲೂ ಹೊಳೆಯಾಚೆಯ ಸಿದ್ದಾಪುರದ ಸುತ್ತಲೂ ಇರುವ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ, ಅಂದರೆ ಕಾರ್ಮಿಕರಿಗೆಂದು ಒಂದೇ ಸಾಲಿನಲ್ಲಿ ಕಟ್ಟಿಸಿದ ವಸತಿಗಳಲ್ಲಿ, ತಲೆಮಾರುಗಳನ್ನು ಕಳೆದ ಕುಟುಂಬಗಳಿಗೆ ಅಂಥ ಆಧಾರವಿಲ್ಲ. ಮುತ್ತಾತ ಯಾವ ಸೀಮೆಯಿಂದ ಬಂದರು, ಮೊದಲು ಯಾವ ತೋಟಕ್ಕೆ ಸೇರಿದರು ಎಂದು ಹುಡುಕಹೊರಟವರು, ಕೂಲಿಕಾರನ ಹೆಸರನ್ನು ಯಾರು ಯಾವ ಅಗತ್ಯಕ್ಕಾಗಿ ಬರೆದಿಟ್ಟರು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿ ಈ ಹುಡುಕಾಟಕ್ಕೆ ಹಳೆಯ ದಾರಿಗಳಿವೆ. ಒಂದು ಚರ್ಚಿನ ಆಡಳಿತಕ್ಕೆ ಒಳಪಟ್ಟ ಊರನ್ನು ಅಲ್ಲಿ ಪ್ಯಾರಿಷ್ ಎನ್ನುತ್ತಾರೆ. ಅಲ್ಲಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು 1538ರಲ್ಲಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. 1813ರಿಂದ ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಕಸುಬೂ ಸೇರಿತು. 1841ರ ಜನಗಣತಿ ಮನೆಮನೆಯ ಹೆಸರುಗಳನ್ನು ಉಳಿಸಿಕೊಂಡಿತು. 1851ರದು ಹುಟ್ಟಿದ ಊರನ್ನೂ ಯಜಮಾನನೊಂದಿಗಿನ ಸಂಬಂಧವನ್ನೂ ಕೇಳಿತು. ನೂರು ವರ್ಷ ಮುಚ್ಚಿಟ್ಟ ಬಳಿಕ ಈ ಪಟ್ಟಿಗಳು ಸಾರ್ವಜನಿಕರಿಗೆ ತೆರೆದುಕೊಳ್ಳುತ್ತವೆ. 1921ರ ಪಟ್ಟಿ 2022ರಲ್ಲಿ ತೆರೆಯಿತು. ಮದುವೆಯ ಪುಸ್ತಕದಲ್ಲಿ ಸಹಿಯ ಬದಲು ಗೀಟು ಹಾಕಿದ ಹೊಲದ ಆಳನ್ನೂ ಹೀಗೆ ಹತ್ತು ವರ್ಷಕ್ಕೊಮ್ಮೆ ಹಿಂಬಾಲಿಸಲು ಸಾಧ್ಯ.

ಕೊಡಗಿನಲ್ಲಿ 1901ರ ಮಾರ್ಚ್ 1ರ ಗಣತಿ 1,80,607 ಜನರನ್ನು ಲೆಕ್ಕ ಹಾಕಿತು. ಗಣತಿದಾರರು ಇಲ್ಲಿಯೂ ಮನೆಮನೆಗೆ ಹೋಗಿ ವಿವರ ಬರೆದುಕೊಂಡರಾದರೂ, ಕೋಷ್ಟಕಗಳು ಸಿದ್ಧವಾದ ಮೇಲೆ ಮೂಲ ನಮೂನೆಗಳನ್ನು ನಾಶಪಡಿಸುವುದೇ ಭಾರತದ ರೂಢಿಯಾಗಿತ್ತು. 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಗಣತಿಯ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ. ಜಾತಿ, ಭಾಷೆ, ಕಸುಬುಗಳ ಮೊತ್ತ ಉಳಿಯಿತು, ಮನುಷ್ಯರ ಹೆಸರು ಹೋಯಿತು. ಆಡಳಿತಕ್ಕೆ ಇದರಿಂದ ಕೊರತೆಯೇನೂ ಆಗಲಿಲ್ಲ. ಲೈನ್‌ಮನೆಯ ಕುಟುಂಬಗಳ ಪಾಲಿಗೆ ಇದು ತುಂಬಲಾಗದ ನಷ್ಟ.

ಕ್ರೈಸ್ತ ಕುಟುಂಬಗಳಿಗೆ ಇದ್ದುದರಲ್ಲಿ ಒಂದು ನೆಲೆಯುಂಟು. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನ ಆಶ್ರಯದಲ್ಲಿ 1792ರಲ್ಲಿ ಸ್ಥಾಪನೆಯಾದ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್‌ನಂಥ ಕಥೋಲಿಕ ಚರ್ಚುಗಳ ಪುಸ್ತಕಗಳಲ್ಲಿ ಮಗುವಿನ ಮತ್ತು ತಂದೆತಾಯಿಯ ಹೆಸರಿನೊಂದಿಗೆ ಜ್ಞಾನಪೋಷಕರ, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಧಾರ್ಮಿಕ ಹೊಣೆ ಹೊತ್ತವರ, ಹೆಸರನ್ನೂ ಬರೆಯುತ್ತಾರೆ. ಅವರು ಸಾಮಾನ್ಯವಾಗಿ ಬಂಧುಗಳೋ ನೆರೆಯವರೋ ಆಗಿರುವುದರಿಂದ, ಮನೆತನದ ಹೆಸರಿಲ್ಲದ ಜನರಲ್ಲಿ ಯಾರು ಯಾರಿಗೆ ಹತ್ತಿರದವರೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದು ಕಷ್ಟ. ಅಮ್ಮತ್ತಿ ಬಳಿಯ ಆನಂದಪುರದಲ್ಲಿ ಬಾಸೆಲ್ ಮಿಷನ್ ನೆಲೆಗೊಳಿಸಿದ ಹೊಲೆಯ ಸಮುದಾಯದ ಕ್ರೈಸ್ತರ ಬಗ್ಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲಾಗಾರದಲ್ಲೂ ಹುಡುಕಬಹುದು. ಮುಸ್ಲಿಂ ಕುಟುಂಬಗಳಿಗೆ ಜಮಾಅತಿನ ನಿಕಾಹ್ ಪುಸ್ತಕವಿದೆ. ಉಳಿದವರಿಗೆ ಶಾಲೆಯ ದಾಖಲಾತಿ ಪುಸ್ತಕವೇ ಹಲವು ವೇಳೆ ಮೊದಲ ಬರಹ.

ತೋಟದ ದಾಖಲೆಗಳಲ್ಲಿ ಮುಖ್ಯವಾದದ್ದು ಚೆಕ್‌ರೋಲ್. ಯಾರು ಯಾವ ದಿನ ಕೆಲಸಕ್ಕೆ ಬಂದರು, ಎಷ್ಟು ಕೂಲಿ ಸಂದಿತು ಎಂಬುದನ್ನು ರೈಟರು, ಅಂದರೆ ತೋಟದ ಗುಮಾಸ್ತರು, ಬರೆದಿಡುವ ಹಾಜರಿ ಪುಸ್ತಕವದು. ಅದರೊಂದಿಗೆ, ಕೂಲಿಕಾರರನ್ನು ಕೂಡಿಸಿ ಕರೆತರುತ್ತಿದ್ದ ಮೇಸ್ತ್ರಿ ಅವರಿಗೆ ಕೊಟ್ಟ ಮುಂಗಡದ ಲೆಕ್ಕವೂ ಇರುತ್ತಿತ್ತು. ಮುಂಗಡ ಪಡೆದು ಕೆಲಸ ಬಿಟ್ಟವರನ್ನು 1859ರ ಕರಾರುಭಂಗ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಾಗಿದ್ದುದರಿಂದ, ಓಡಿಹೋದ ಆಳಿನ ಹೆಸರು ಉಳಿಯುವ ಸಂಭವ ನಿಷ್ಠೆಯಿಂದ ದುಡಿದವನದಕ್ಕಿಂತ ಹೆಚ್ಚು. ಇಂಗ್ಲೆಂಡಿನಲ್ಲೂ ಬಡವನ ಬಾಳು ವಿವರವಾಗಿ ಸಿಗುವುದು, ಅವನನ್ನು ಸಾಕುವ ಹೊಣೆ ಯಾವ ಪ್ಯಾರಿಷಿನದೆಂದು ತೀರ್ಮಾನಿಸಲು ನ್ಯಾಯಾಧಿಕಾರಿಗಳು ಪ್ರಮಾಣ ಮಾಡಿಸಿ ಬರೆದುಕೊಂಡ ಹೇಳಿಕೆಗಳಲ್ಲೇ. ಎರಡೂ ಕಡೆ ಬರೆದವರಿಗೆ ಆ ಮನುಷ್ಯನ ಮೇಲೆ ಇದ್ದದ್ದು ಸಂಶಯ. ಓದುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ತೋಟ ಕೈಬದಲಾದಾಗ ಹಳೆಯ ಚೆಕ್‌ರೋಲುಗಳನ್ನು ರದ್ದಿಗೆ ಹಾಕದೆ ದಾಖಲಾಗಾರಕ್ಕೆ ಒಪ್ಪಿಸಬೇಕು. 2019ರ ಆಗಸ್ಟಿನ ಕಾವೇರಿ ಪ್ರವಾಹ ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳನ್ನು ಕೆಡವಿದ ಮೇಲೆ, ಮನೆಯ ಪೆಟ್ಟಿಗೆಯಲ್ಲಿಟ್ಟ ಕಾಗದವನ್ನಷ್ಟೇ ನಂಬಿ ಕೂರುವಂತಿಲ್ಲ. ದಾಖಲೆ ಹುಡುಕುವುದಕ್ಕೂ ಮೊದಲು ಲೈನಿನ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕಾದದ್ದು ಅವರ ತಂದೆತಾಯಿಯನ್ನು ಕರೆತಂದ ಮೇಸ್ತ್ರಿಯ ಹೆಸರನ್ನು. ಮೇಸ್ತ್ರಿಗಳು ಹೆಚ್ಚಾಗಿ ತಮ್ಮ ಊರಿನ, ತಮ್ಮ ಬಳಗದ ಜನರನ್ನೇ ಕೂಡಿಸಿ ತರುತ್ತಿದ್ದುದರಿಂದ, ಆ ಒಂದು ಹೆಸರು ತಿಳಿದರೆ ಮೈಸೂರು ಸೀಮೆಯಲ್ಲೋ ಮಲಬಾರಿನಲ್ಲೋ ತಮಿಳುನಾಡಿನಲ್ಲೋ ಯಾವ ಊರಿನಲ್ಲಿ ಹುಡುಕಬೇಕೆಂಬುದು ಗೊತ್ತಾಗುತ್ತದೆ.