ಮಾನ್ಬಿ ದಾರಿಯ ಅವ್ವ

ಮಾನ್ವಿಯನ್ನು ಆಕೆ ಕೊನೆಯತನಕ ‘ಮಾನ್ಬಿ’ ಎಂದೇ ಕರೆದಳು. ಐವತ್ತು ವರ್ಷ ನಮ್ಮ ಜೋಳದ ರೊಟ್ಟಿ ತಿಂದರೂ ಆ ಬಂಗಾಳಿ ನಾಲಿಗೆಗೆ ‘ವ’ ಹೊರಳಲಿಲ್ಲ. ನನ್ನನ್ನು ಕಂಡರೆ ಒಮ್ಮೊಮ್ಮೆ ಬೇಕಂತಲೇ ಹಾಗೆ ಅನ್ನುತ್ತಿದ್ದಳೇನೋ.

ಸಿಂಧನೂರಿನಿಂದ ರಾಯಚೂರಿಗೆ ಹೋಗುವ ಬಸ್ಸನ್ನು ನಾನು ಮಾನ್ವಿಯಲ್ಲಿ ಹತ್ತುವಾಗ ಅವ್ವ ಕಿಟಕಿ ಪಕ್ಕ ಕೂತಿರುತ್ತಿದ್ದಳು. ಬಿಳಿ ಸೀರೆ, ತೊಡೆಯ ಮೇಲೊಂದು ಕೈಚೀಲ, ಅದರಲ್ಲಿ ಇಡೀ ಕ್ಯಾಂಪಿನ ಜೆರಾಕ್ಸು.

ಪೂರ್ವ ಪಾಕಿಸ್ತಾನದಿಂದ ಓಡಿಬಂದ ಬಂಗಾಳಿ ಕುಟುಂಬಗಳನ್ನು ಸರ್ಕಾರ 1970ರ ದಶಕದ ಆರಂಭದಲ್ಲಿ ಸಿಂಧನೂರು ಸೀಮೆಗೆ ತಂದು, ಜಮೀನು ಕೊಟ್ಟು ಕೂರಿಸಿತು. ಊರಿಗೆ ಹೆಸರಿಡುವ ಪುರಸೊತ್ತು ಯಾರಿಗೂ ಇರಲಿಲ್ಲ. ಆರ್.ಎಚ್. ಕ್ಯಾಂಪ್ ಎಂದು ನಂಬರು ಹಚ್ಚಿದರು, ಅದೇ ಉಳಿಯಿತು. ಅಲ್ಲಿ ಹೆಚ್ಚಿನವರು ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅವರು ಪರಿಶಿಷ್ಟ ಜಾತಿ; ನಮ್ಮ ರಾಜ್ಯದ ಪಟ್ಟಿಯಲ್ಲಿ ಆ ಹೆಸರೇ ಇಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಹುಡುಗ ಅರ್ಜಿಯ ಜಾತಿ ಕಾಲಮ್ಮಿಗೆ ಬಂದು ನಿಲ್ಲುತ್ತಾನೆ. ಅವ್ವನ ಅರ್ಧ ಓಡಾಟ ಈ ಒಂದು ಕಾಲಮ್ಮಿನ ಸಲುವಾಗಿಯೇ.

ಇನ್ನರ್ಧ ಕಂಡವರ ಸಲುವಾಗಿ. ಒಮ್ಮೆ ದೇವದುರ್ಗ ಕಡೆಯ ತಾಂಡಾದ ಲಂಬಾಣಿ ಹೆಣ್ಣುಮಗಳು ವಿಧವಾ ವೇತನ ನಿಂತಿದೆಯೆಂದು ರಾಯಚೂರಿನ ಕಚೇರಿಯೊಂದರ ಮೆಟ್ಟಿಲ ಮೇಲೆ ಅಳುತ್ತಿದ್ದಳು. ಅವ್ವ ಆಕೆಯ ರಟ್ಟೆ ಹಿಡಿದು ಒಳಗೆ ಒಯ್ದಳು. ಒಬ್ಬಳದು ಬಂಗಾಳಿ, ಒಬ್ಬಳದು ಲಂಬಾಣಿ. ಇಬ್ಬರೂ ಮುರುಕು ಕನ್ನಡದಲ್ಲಿ ಗುಮಾಸ್ತನನ್ನು ತರಾಟೆಗೆ ತೆಗೆದುಕೊಂಡದ್ದನ್ನು ನೋಡಬೇಕಿತ್ತು.

ಪೌರತ್ವ ತಿದ್ದುಪಡಿ ಕಾಯ್ದೆ 2019ರ ಡಿಸೆಂಬರಿನಲ್ಲಿ ಬಂತು, ನಿಯಮಗಳು ಬಂದದ್ದು 2024ರ ಮಾರ್ಚಿನಲ್ಲಿ. ಧರ್ಮ ನೋಡಿ ಬಾಗಿಲು ತೆರೆಯುವ ಕಾಯ್ದೆ ಎಂದು ನನಗೆ ಆಗಲೂ ತಕರಾರಿತ್ತು, ಈಗಲೂ ಇದೆ. ಬಸ್ಸಿನಲ್ಲೇ ವಾದಕ್ಕೆ ಕೂತೆ. ತಡವಾಗಿ ಗಡಿ ದಾಟಿ ಬಂದ ತಮ್ಮನ ಮಕ್ಕಳ ಅರ್ಜಿ ಅವ್ವನ ಚೀಲದಲ್ಲಿತ್ತು.

“ನಿನ್ನ ಕಡೆ ಕಾಗದ ಐತಿ ತಮ್ಮಾ, ಅದಕ್ಕ ಜಗಳಾಡ್ತಿ” ಅಂದಳು. ಸ್ವಲ್ಪ ಹೊತ್ತಿನ ಮೇಲೆ, “ಹಳೇ ದೇಶದ ಕಾಗದ ತಾ ಅಂತಾರ. ಉಟ್ಟ ಸೀರ್ಯಾಗ ಓಡಿ ಬಂದೋರು ಕಾಗದ ಕಟ್ಕೊಂಡು ಬರ್ತಾರೇನು?”

ನನ್ನ ತಕರಾರು ಹೋಗಲಿಲ್ಲ. ಬಾಯಿ ಮಾತ್ರ ಮುಚ್ಚಿತು. ಆ ಆಗಸ್ಟ್‌ನಲ್ಲಿ ಸಿಂಧನೂರಿನ ಕ್ಯಾಂಪುಗಳ ಐವರಿಗೆ ಪೌರತ್ವ ಪತ್ರ ಸಿಕ್ಕ ಸುದ್ದಿ ಬಂತು. ಅದರಲ್ಲಿ ತಮ್ಮನ ಮಕ್ಕಳು ಇರಲಿಲ್ಲ. ಆದರೂ ಅವ್ವ ಬಸ್ಸಿನಲ್ಲಿ ಎಲ್ಲರಿಗೂ ಬೆಲ್ಲ ಹಂಚಿದಳು, ಕಂಡಕ್ಟರಿಗೆ ಎರಡು ಚೂರು.

ಕಳೆದ ತಿಂಗಳು ಅವ್ವ ತೀರಿಕೊಂಡಳು. ಮೊನ್ನೆ ಬಸ್ಸು ಹತ್ತಿದರೆ ಅದೇ ಸೀಟಿನಲ್ಲಿ ಮೊಮ್ಮಗಳು ಕೂತಿದ್ದಳು, ತೊಡೆಯ ಮೇಲೆ ಅದೇ ಚೀಲ. ಕಿವಿಗೆ ಫೋನು ಹಚ್ಚಿ ಯಾರಿಗೋ ಹೇಳುತ್ತಿದ್ದಳು: “ಇಲ್ರೀ, ಈಗಷ್ಟೇ ಮಾನ್ವಿ ಬಿಟ್ಟೀವಿ.”