ಹಿಮವನ್ನು ಓದಲು ಕಲಿಯೋಣ



ಮಳೆಗಾಲದಲ್ಲಿ ತುಂಬಿ ಹರಿಯುವ ಹೊಳೆಗೆ ಇಳಿಯಬಾರದೆಂದು ನಮಗೆ ಯಾರೂ ತರಗತಿಯಲ್ಲಿ ಕಲಿಸಲಿಲ್ಲ. ಹಿರಿಯರ ಮಾತಿನಿಂದ, ಊರಿನ ಅನುಭವದಿಂದ ಆ ತಿಳಿವಳಿಕೆ ತಾನಾಗಿ ಬಂದಿತು. ಕ್ಯಾಲ್ಗರಿಯಲ್ಲಿ ನೆಲೆಸಿದ ನಮಗೆ ಹಿಮದ ವಿಷಯದಲ್ಲಿ ಅಂತಹ ಪರಂಪರೆಯಿಲ್ಲ. ರಾಕಿ ಪರ್ವತಗಳ ಹಿಮದಲ್ಲಿ ನಾವು ಚೆಲುವನ್ನಷ್ಟೇ ಕಾಣುತ್ತೇವೆ. ನಮ್ಮ ಮಕ್ಕಳಾದರೋ ಗೆಳೆಯರೊಡನೆ ಸ್ನೋಶೂ, ಸ್ಕೀ ಕಟ್ಟಿಕೊಂಡು ಕಾವಲಿಲ್ಲದ ಬೆಟ್ಟಗಳಿಗೆ ಹೊರಡುತ್ತಿದ್ದಾರೆ. "ಹುಷಾರಾಗಿ ಹೋಗಿ ಬಾ" ಎಂಬ ಮಾತೊಂದೇ ಅವರಿಗೆ ಸಾಲದು.

ಇಲ್ಲಿನ ಹಿಮದ ಹೊದಿಕೆ ತೆಳು, ಚಳಿ ತೀವ್ರ. ನೆಲ ಬೆಚ್ಚಗಿದ್ದು ಮೇಲಿನ ಗಾಳಿ ಕೊರೆಯುವಾಗ, ತಳದ ಹಿಮವು ಸಕ್ಕರೆಯ ಹರಳುಗಳಂತಾಗಿ ಒಂದಕ್ಕೊಂದು ಅಂಟುವುದಿಲ್ಲ. ಅದರ ಮೇಲೆ ಗಾಳಿಯು ಹೊಸ ಹಿಮವನ್ನು ಗಟ್ಟಿ ಹಲಗೆಯಂತೆ ಕೂರಿಸುತ್ತದೆ. ಈ ದುರ್ಬಲ ಪದರ ತಿಂಗಳುಗಟ್ಟಲೆ ಉಳಿಯಬಲ್ಲದು; ಒಬ್ಬ ವ್ಯಕ್ತಿಯ ಭಾರಕ್ಕೇ ಇಳಿಜಾರೆಲ್ಲ ಜಾರಬಹುದು. ಜೀವಹಾನಿಯಾದ ಹೆಚ್ಚಿನ ಪ್ರಕರಣಗಳಲ್ಲಿ ಹಿಮಕುಸಿತಕ್ಕೆ ಕಾರಣರಾದವರು ಅದರಲ್ಲಿ ಸಿಲುಕಿದವರೇ ಅಥವಾ ಅವರ ಸಂಗಡಿಗರೇ.

"ನಾವು ಸಮತಟ್ಟಾದ ದಾರಿಯಲ್ಲಿ ನಡೆಯುವವರು, ನಮಗೇಕೆ ಈ ಚಿಂತೆ?" ಎಂದು ಕೆಲವರು ಕೇಳಬಹುದು. ಬೇಸಿಗೆಯಲ್ಲಿ ನಾವು ನಡೆದಾಡಿದ ಎಷ್ಟೋ ಕಣಿವೆಯ ದಾರಿಗಳು ಚಳಿಗಾಲದಲ್ಲಿ ಹಿಮ ಕುಸಿಯುವ ಇಳಿಜಾರುಗಳ ಕೆಳಗೇ ಹಾದುಹೋಗುತ್ತವೆ. ಬೆಟ್ಟದ ಕಾಡಿನ ನಡುವೆ ಬೈತಲೆ ತೆಗೆದಂತೆ ಮರಗಳಿಲ್ಲದ ಪಟ್ಟಿಯೊಂದು ಕಂಡರೆ, ಅದು ಹಿಂದೆ ಹಿಮ ಇಳಿದುಬಂದ ಹಾದಿಯಾಗಿರಬಹುದು. 2003ರ ಫೆಬ್ರವರಿ 1ರಂದು ರೋಜರ್ಸ್ ಪಾಸ್ ಸಮೀಪದ ಕಣಿವೆಯೊಂದರಲ್ಲಿ, ಕ್ಯಾಲ್ಗರಿ ಬಳಿಯ ಶಾಲೆಯೊಂದರ ಏಳು ಮಂದಿ ವಿದ್ಯಾರ್ಥಿಗಳು ಮೇಲಿನಿಂದ ಇಳಿದ ಹಿಮಕ್ಕೆ ಬಲಿಯಾದರು. ಇಂದಿನ ಅವಲಾಂಚ್ ಕೆನಡಾ ಸಂಸ್ಥೆಯ ಮೂಲರೂಪ ಸ್ಥಾಪನೆಯಾದುದು ಅದರ ಮರುವರ್ಷ, 2004ರಲ್ಲಿ.

ಆ ಸಂಸ್ಥೆಯ ಜಾಲತಾಣದಲ್ಲಿ ಚಳಿಗಾಲದುದ್ದಕ್ಕೂ ಅಪಾಯದ ಮುನ್ಸೂಚನೆ ದೊರೆಯುತ್ತದೆ. ಅದರಲ್ಲಿ ಐದು ಹಂತಗಳಿವೆ. ಮೂರನೆಯದಾದ 'ಕನ್ಸಿಡರಬಲ್' ಎಂಬುದನ್ನು ಓದಿ, ಐದರಲ್ಲಿ ಮೂರಷ್ಟೇ ಎಂದು ಸಮಾಧಾನಪಡುವುದು ತಪ್ಪು. ಮನುಷ್ಯರ ಓಡಾಟದಿಂದ ಹಿಮ ಕುಸಿಯುವ ಸಂಭವ ಹೆಚ್ಚೆಂಬುದೇ ಆ ಹಂತದ ಅರ್ಥ.

ಆದುದರಿಂದ ನಮ್ಮ ಸಂಘದ ಮುಂದೆ ಮೂರು ಸಲಹೆಗಳನ್ನಿಡುತ್ತೇವೆ. ಮೊದಲನೆಯದಾಗಿ, ಸಂಘದ ಪ್ರತಿಯೊಂದು ಚಳಿಗಾಲದ ಪ್ರವಾಸದ ಬೆಳಿಗ್ಗೆ ಮುನ್ಸೂಚನೆಯನ್ನು ಎಲ್ಲರೆದುರು ಓದಬೇಕು. ಎರಡನೆಯದಾಗಿ, ಬೆಟ್ಟದ ಹುಚ್ಚು ಹತ್ತಿದ ನಮ್ಮ ಯುವಜನರಿಗೆ ಹಿಮಕುಸಿತದ ಪ್ರಾಥಮಿಕ ತರಬೇತಿ ಕೊಡಿಸಬೇಕು. ಹಿಮದಲ್ಲಿ ಹೂತವರು ಬದುಕುಳಿಯುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ಬಳಿಕ ಬೇಗನೆ ಕ್ಷೀಣಿಸುತ್ತದೆ. ಹೊರಗಿನ ನೆರವು ಅಷ್ಟರಲ್ಲಿ ಬರುವುದು ಕಷ್ಟ. ಟ್ರಾನ್ಸೀವರ್, ಪ್ರೋಬ್, ಸಲಿಕೆಗಳು ಪ್ರತಿಯೊಬ್ಬರ ಬಳಿಯೂ ಇರಬೇಕು, ಬಳಸುವ ಅಭ್ಯಾಸವೂ ಇರಬೇಕು. ಮೂರನೆಯದಾಗಿ, ಹಿಂದಿರುಗಲು ನಾವು ಸಂಕೋಚಪಡಬಾರದು.

ಮೂರನೆಯದೇ ಎಲ್ಲಕ್ಕಿಂತ ಕಷ್ಟ. ಇಷ್ಟು ದೂರ ಬಂದಿದ್ದೇವೆ, ಎಲ್ಲರೂ ಕಾಯುತ್ತಿದ್ದಾರೆ ಎಂಬ ದಾಕ್ಷಿಣ್ಯ ನಮ್ಮನ್ನು ಮುಂದಕ್ಕೆ ತಳ್ಳುತ್ತದೆ. ಕಟ್ಟಿಕೊಂಡು ಬಂದ ಪುಳಿಯೋಗರೆಯನ್ನು ಮನೆಯಲ್ಲಿ ಕುಳಿತೂ ತಿನ್ನಬಹುದು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಮಕ್ಕಳು ಮನೆಗೆ ಬರಬೇಕು.