ಮುಂದಿನ ಭಾಗ

ಶಿವಮೊಗ್ಗ ನಗರದಿಂದ ಭದ್ರಾವತಿಗೆ ಹೋಗುವ ರೈಲಿನಲ್ಲಿ ವಿದ್ಯಾರ್ಥಿಯೊಬ್ಬನು ಪತ್ತೇದಾರಿ ಕಾದಂಬರಿಯ ಮುಂದಿನ ಭಾಗವನ್ನು ಮೈಮರೆತು ಓದುತ್ತಿದ್ದರೆ, ಎದುರಿಗೆ ಕುಳಿತ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಪಾಠದ ಪುಸ್ತಕವನ್ನು ಬಿಟ್ಟು ಇದನ್ನೇಕೆ ಓದಬೇಕು ಎಂಬುದು ಅವರ ಪ್ರಶ್ನೆ. ಇಂಥ ಪುಸ್ತಕಗಳೆಲ್ಲವೂ ಶ್ರೇಷ್ಠ ಸಾಹಿತ್ಯವೆಂದು ಯಾರೂ ಹೇಳರು. ಆದರೂ ಅವುಗಳಿಂದ ಕಲಿಯಬಹುದಾದ ಪಾಠವೊಂದುಂಟು.

ಮುಂದಿನ ಭಾಗದಲ್ಲಿಯೂ ಪತ್ತೇದಾರನು ಅವನೇ. ಅಪರಾಧ ಮಾತ್ರ ಹೊಸದು. ಹಿಂದಿನ ಗೆಲುವು ಇಂದಿನ ಗಂಟನ್ನು ಬಿಡಿಸದು. ಅವನು ಮತ್ತೆ ಮೊದಲಿನಿಂದ ಹೆಜ್ಜೆಗುರುತುಗಳನ್ನು ಅರಸಬೇಕು, ಸಾಕ್ಷಿಗಳನ್ನು ವಿಚಾರಿಸಬೇಕು, ತನ್ನ ಊಹೆ ಸುಳ್ಳೆಂದು ತಿಳಿದಾಗ ಅದನ್ನು ಕೈಬಿಡಬೇಕು. ತಪ್ಪು ಊಹೆಗೇ ಅಂಟಿಕೊಳ್ಳುವುದು ಹಟ. ತಪ್ಪನ್ನು ತಿದ್ದಿಕೊಂಡು ಕೆಲಸವನ್ನು ಮುಂದುವರಿಸುವುದು ಛಲ.

ಪತ್ತೇದಾರ ಪುರುಷೋತ್ತಮನನ್ನು ಕನ್ನಡಿಗರಿಗೆ ಪರಿಚಯಿಸಿದ ಎನ್. ನರಸಿಂಹಯ್ಯನವರು ಶಾಲೆಯಲ್ಲಿ ಕಲಿತದ್ದು 4ನೆಯ ತರಗತಿಯವರೆಗೆ ಮಾತ್ರ. 2011ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಅವರ ಕಾದಂಬರಿಗಳ ಸಂಖ್ಯೆ 500ನ್ನು ಮೀರಿತ್ತು. ಮೊದಲ ಪುಸ್ತಕವನ್ನು ಉತ್ಸಾಹವೇ ಬರೆಯಿಸೀತು. ಎರಡನೆಯದಕ್ಕೂ ನೂರನೆಯದಕ್ಕೂ ಛಲವೇ ಬೇಕು.

ಈ ಮಾತಿಗೆ ಭದ್ರಾವತಿಯೂ ಸಾಕ್ಷಿ. ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಯೋಜನೆಗೆ ಕಾರಣರಾದ ಸರ್ ಎಂ. ವಿಶ್ವೇಶ್ವರಯ್ಯನವರು 1918ರ ಕೊನೆಯಲ್ಲಿ ಮೈಸೂರಿನ ದಿವಾನರ ಹೊಣೆಯಿಂದ ಬಿಡುಗಡೆ ಹೊಂದಿದ್ದರು. 1923ರಲ್ಲಿ ಕಾರ್ಖಾನೆಯ ಕುಲುಮೆ ಹೊತ್ತಿಕೊಂಡಿತು. ಆದರೆ ಆ ವೇಳೆಗೆ ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆ ನಷ್ಟಕ್ಕೆ ಸಿಲುಕಿತು. ಬಿಟ್ಟುಹೋದ ಕೆಲಸವೆಂದು ಅವರು ದೂರ ನಿಲ್ಲಲಿಲ್ಲ. ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಮರಳಿ ಬಂದರು. ಹೊರನಾಡಿನ ತಜ್ಞರ ಸ್ಥಾನಕ್ಕೆ ನಾಡಿನವರನ್ನು ಅಣಿಗೊಳಿಸಿದರು. 1929ರವರೆಗೂ ಆ ಹೊಣೆಯನ್ನು ಹೊತ್ತರು. ಕಾರ್ಖಾನೆಯನ್ನು ಆರಂಭಿಸುವುದು ಮೊದಲ ಭಾಗವಾದರೆ, ಅದನ್ನು ಉಳಿಸುವುದೇ ಕಠಿಣವಾದ ಮುಂದಿನ ಭಾಗವಾಗಿತ್ತು.

ಪರೀಕ್ಷೆಯಲ್ಲಿ ಒಮ್ಮೆ ಸೋತ ವಿದ್ಯಾರ್ಥಿಯು ತನ್ನ ಕಥೆ ಅಲ್ಲಿಗೆ ಮುಗಿಯಿತೆಂದು ತಿಳಿಯಬಾರದು. ಹಳೆಯ ಓದನ್ನೇ ಹಳೆಯ ರೀತಿಯಲ್ಲಿ ಮತ್ತೊಮ್ಮೆ ಉರುಹೊಡೆದರೂ ಸಾಲದು. ಉತ್ತರ ಪತ್ರಿಕೆಯನ್ನು ಪತ್ತೇದಾರನ ಕಣ್ಣಿನಿಂದ ನೋಡಬೇಕು. ತಪ್ಪಿನ ಹೆಜ್ಜೆಗುರುತು ಅದರಲ್ಲಿಯೇ ಇರುತ್ತದೆ. ಅದನ್ನು ಕಂಡುಕೊಂಡವನು ಮಾತ್ರ ಮುಂದಿನ ಭಾಗವನ್ನು ಬೇರೆ ರೀತಿಯಲ್ಲಿ ಬರೆಯಬಲ್ಲನು.